ಪಡುಗಡಲಿನ ಬೂತಾಯಿ ಮೀನು: ಅದರ ಬರವು-ಅಳಿವುಗಳ ಚರಿತ್ರೆ

ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ಗೋಪಾಲಸ್ವಾಮಿಯ ಬೆಟ್ಟದ ಮೇಲೆ ಆಷಾಢಮಾಸದಲ್ಲಿ ನಿಂತವರಿಗೆ ಪಡುವಲಿಂದ ಬೀಸುವ ಗಾಳಿಯ ರಭಸವು ಚೆನ್ನಾಗಿ ತಿಳಿದಿರುವುದು. ಮಂಜು ಆ ಗಾಳಿಯೊಡನೆ ದೇವಾಲಯದ ಪ್ರಾಕಾರವನ್ನು ಹೊಕ್ಕು ಹೊರಡುವುದು. ಗಾಳಿಯಲ್ಲಿ ನೀರುಂಟು, ಆದರೆ ಅದರ ಬಹುಭಾಗವು ಕೆಳಗಣ ಬಯಲಿಗೆ ದೊರೆಯದು. ವಯನಾಡಿನ ಘಟ್ಟಗಳೂ ನೀಲಗಿರಿಯೂ ಮೊದಲೇ ತಮ್ಮ ಪಾಲನ್ನು ತೆಗೆದುಕೊಂಡು, ಗುಂಡ್ಲುಪೇಟೆ ಚಾಮರಾಜನಗರಗಳ ಹೊಲಗಳಿಗೆ ಉಳಿಕೆಯನ್ನು ಮಾತ್ರ ಕಳುಹಿಸುವುವು. ಈ ಸೀಮೆಯ ಒಕ್ಕಲಿಗನು ಮುಗಿಲನ್ನು ನೋಡಿ ನಿಟ್ಟುಸಿರಿಡುವ ಕಾಲದಲ್ಲಿಯೇ, ಪಡುವಣ ಕರಾವಳಿಯ ಮೊಗವೀರನು ದೋಣಿಯನ್ನು ದಡಕ್ಕೆಳೆದು, ಕಡಲು ತಿಳಿಯಾಗುವುದನ್ನು ಕಾಯುತ್ತ ಕುಳಿತಿರುವನು. ಇಬ್ಬರ ಬಾಳನ್ನೂ ಆಳುವುದು ಒಂದೇ ಗಾಳಿ. ಆ ಗಾಳಿಯು ಘಟ್ಟವನ್ನೇರುವುದಕ್ಕೆ ಮೊದಲು ಕಡಲಿನಲ್ಲಿ ಒಂದು ದೊಡ್ಡ ಕೆಲಸವನ್ನು ಮಾಡಿಯೇ ಬಂದಿರುತ್ತದೆ. ಕಡಲಿನ ತಳದ ತಣ್ಣೀರನ್ನು ಮೇಲಕ್ಕೆಬ್ಬಿಸಿ, ಕೋಟ್ಯನುಕೋಟಿ ಮೀನುಗಳಿಗೆ ಊಟವನ್ನು ಬಡಿಸಿರುತ್ತದೆ.

ಕಡಲಿಲ್ಲದ ನಾಡಿನಲ್ಲಿ ಕಡಲ ಮೀನಿನ ಚರಿತ್ರೆಯೇತಕ್ಕೆಂದು ವಾಚಕರು ಕೇಳಬಹುದು. ಮೈಸೂರು ದೇಶಕ್ಕೆ ಕಡಲು ಯಾವಾಗಲೂ ಇರಲಿಲ್ಲವೆಂದು ಹೇಳುವಂತಿಲ್ಲ. ೧೭೬೩ರಲ್ಲಿ ಹೈದರಲಿಯು ಬಿದನೂರನ್ನೂ ಮಂಗಳೂರನ್ನೂ ಹಿಡಿದಂದಿನಿಂದ ೧೭೯೯ರಲ್ಲಿ ಶ್ರೀರಂಗಪಟ್ಟಣವು ಬೀಳುವ ವರೆಗೆ ಕನ್ನಡಜಿಲ್ಲೆಯ ಕರಾವಳಿಯು ಮೈಸೂರಿಗೆ ಸೇರಿದ್ದಿತು. ತರುವಾಯ ಕಂಪೆನಿಯವರು ಅದನ್ನು ಮದರಾಸಿಗೆ ಸೇರಿಸಿಕೊಂಡರು. ೧೮೬೨ರಲ್ಲಿ ಉತ್ತರಕನ್ನಡವು ಅದರಿಂದ ಬೇರೆಯಾಗಿ ಮುಂಬಯಿಯ ಆಳ್ವಿಕೆಗೆ ಹೋಯಿತು. ಈಗ ಚಾಮರಾಜನಗರ ಜಿಲ್ಲೆಯೊಳಗಿರುವ ಕೊಳ್ಳೇಗಾಲವು ೧೯೫೬ರ ವರೆಗೆ ಕೊಯಮತ್ತೂರಿನೊಡನೆ ಮದರಾಸಿನ ಆಡಳಿತದಲ್ಲಿಯೇ ಇದ್ದಿತು. ಹೀಗೆ ಒಂದೇ ಭಾಷೆಯ ಜನರು ಹಲವು ಸರ್ಕಾರಗಳ ಕೆಳಗೆ ಹಂಚಿಹೋಗಿದ್ದರು. ಅದರಂತೆಯೇ ಒಂದೇ ಮೀನಿನ ಹಿಂಡು ಹಲವು ಸರ್ಕಾರಗಳ ಕಡಲಿನಲ್ಲಿ ಓಡಾಡುತ್ತಿದ್ದಿತು. ಈ ಹಂಚಿಕೆಯು ಮೀನಿನ ಚರಿತ್ರೆಯಲ್ಲಿ ಎಷ್ಟು ತೊಡಕನ್ನು ತಂದಿತೆಂಬುದು ಮುಂದೆ ಕಂಡುಬರುವುದು. ಆಹಾರವಾಗಿ ಮೀನನ್ನು ಒಲ್ಲದ ಮನೆಗಳಲ್ಲಿಯೂ ಈ ಚರಿತ್ರೆಯು ಚಿಂತನೆಗೆ ಯೋಗ್ಯವಾದುದು. ಏಕೆಂದರೆ ಅದು ಕೇವಲ ಮೀನಿನ ಮಾತಲ್ಲ, ಪ್ರಕೃತಿಯು ಕೊಡುವುದನ್ನು ಮನುಷ್ಯನು ಎಷ್ಟರ ಮಟ್ಟಿಗೆ ತೆಗೆದುಕೊಳ್ಳಬೇಕೆಂಬ ಮಾತು.

೧. ಪ್ರಾಚೀನರ ವಿಚಾರ

ಮೀನುಗಾರಿಕೆಗೆ ನಿಯಮವಿರಬೇಕೆಂಬ ಭಾವನೆಯು ಇಂದು ನಿನ್ನೆಯದಲ್ಲ. ಮೌರ್ಯಚಕ್ರವರ್ತಿಯಾದ ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ, ಚಾತುರ್ಮಾಸ್ಯದ ಪರ್ವಗಳಲ್ಲಿಯೂ ತಿಷ್ಯಪೂರ್ಣಿಮೆಯಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಲಾಗದು, ಮಾರಲೂ ಆಗದು ಎಂದು ವಿಧಿಸಿದನು. ಕೊಲ್ಲುವುದನ್ನು ಮಾತ್ರವಲ್ಲದೆ ಮಾರುವುದನ್ನೂ ಅವನು ನಿಷೇಧಿಸಿದುದು ಗಮನಿಸತಕ್ಕ ಸಂಗತಿ. ಪೇಟೆಯ ಬಾಗಿಲು ತೆರೆದಿರುವ ವರೆಗೆ ಬಲೆಯು ಸುಮ್ಮನಿರದೆಂಬ ಲೋಕಾನುಭವವು ಆ ವಿಧಿಯಲ್ಲಿ ಅಡಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯುಂಟು. ಬೆಸ್ತರು ತಾವು ಹಿಡಿದುದರಲ್ಲಿ ಆರನೆಯ ಒಂದು ಪಾಲನ್ನು ದೋಣಿಯ ಬಾಡಿಗೆಯಾಗಿ ಅರಸನಿಗೆ ಸಲ್ಲಿಸತಕ್ಕದ್ದೆಂದು ಅಲ್ಲಿ ವಿಧಿಸಿದೆ. ಮೈಸೂರಿನ ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಆ ಗ್ರಂಥವನ್ನು ಅಚ್ಚುಮಾಡಿಸಿದ ಮೇಲೆಯೇ ಇಂತಹ ವಿಷಯಗಳು ಲೋಕಕ್ಕೆ ಗೋಚರವಾದುವು.

ಕನ್ನಡನಾಡಿನ ದೊರೆಯಾದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಕಡಲಿನ ಮೀನಾವುದು, ಹೊಳೆಯ ಮೀನಾವುದು, ಹುರುಪೆಯುಳ್ಳುದಾವುದು, ಇಲ್ಲದುದಾವುದು, ಯಾವುದಕ್ಕೆ ಯಾವ ಆಮಿಷವೆಂಬ ವಿವರಗಳನ್ನು ಅರಸನು ಅಲ್ಲಿ ಕ್ರಮವಾಗಿ ಹೇಳಿರುವನು. ಮೀನಿನ ಜಾತಿಯನ್ನೂ ಅದರ ನೆಲೆಯನ್ನೂ ಆಹಾರವನ್ನೂ ಅರಿತಲ್ಲದೆ ಅದನ್ನು ಹಿಡಿಯುವ ಮಾತಾಡಬಾರದೆಂಬ ಈ ಕ್ರಮವು ಶಾಸ್ತ್ರದೃಷ್ಟಿಯುಳ್ಳುದೆಂದು ಒಪ್ಪಬೇಕಾಗಿದೆ.

ಗ್ರಂಥಗಳ ಮಾತು ಹಾಗಿರಲಿ. ಕರಾವಳಿಯ ಜನರಲ್ಲಿ ಬರೆಯದ ನಿಯಮವೊಂದು ರೂಢಿಯಲ್ಲಿದ್ದಿತು. ಮುಂಗಾರು ಹಿಡಿದ ಮೇಲೆ ಕಡಲು ಕೆರಳಿರುವುದರಿಂದ ಮರದ ದೋಣಿಗಳು ಹೊರಕ್ಕೆ ಹೋಗುತ್ತಿರಲಿಲ್ಲ. ಶ್ರಾವಣದ ಹುಣ್ಣಿಮೆಯಂದು, ಒಳನಾಡಿನಲ್ಲಿ ಉಪಾಕರ್ಮವು ನಡೆಯುವ ಆ ನೂಲಹುಣ್ಣಿಮೆಯ ಕಾಲಕ್ಕೆ, ಸಮುದ್ರರಾಜನಿಗೆ ಹಾಲು ತೆಂಗಿನಕಾಯಿಗಳನ್ನು ಅರ್ಪಿಸಿ ಪೂಜೆಮಾಡಿ ದೋಣಿಗಳನ್ನು ನೀರಿಗಿಳಿಸುವುದು ಪದ್ಧತಿ. ಭಯದಿಂದಲೂ ಭಕ್ತಿಯಿಂದಲೂ ನಡೆದುಬಂದ ಈ ವಿರಾಮವು, ಮೀನು ಮೊಟ್ಟೆಯಿಡುವ ಕಾಲಕ್ಕೆ ಸರಿಯಾಗಿ ಬೀಳುತ್ತಿದ್ದಿತು. ಕಡಲೇ ತನ್ನ ಬಸಿರನ್ನು ತಾನೇ ಕಾಯ್ದುಕೊಳ್ಳುತ್ತಿದ್ದಿತೆಂದರೂ ಸಲ್ಲುವುದು.

೨. ಮೀನೂ ಗಾಳಿಯೂ

ಈ ಚರಿತ್ರೆಗೆ ನಾಯಕನಾದ ಮೀನು ಗಾತ್ರದಲ್ಲಿ ಒಂದು ಗೇಣನ್ನು ಮೀರದು. ಮಂಗಳೂರು ಉಡುಪಿಗಳಲ್ಲಿ ಇದನ್ನು ಬೂತಾಯಿ ಎನ್ನುವರು. ಕುಂದಾಪುರದ ಕಡೆ ಬೈಗೆ ಎಂದೂ, ಕಾರವಾರದ ಕಡೆ ತಾರ್ಲಿ ಎಂದೂ, ಮಲೆಯಾಳದಲ್ಲಿ ಮತ್ತಿ ಎಂದೂ ಹೆಸರು. ಮೈಯಲ್ಲಿ ಎಣ್ಣೆಯು ಹೇರಳವಾಗಿರುವುದರಿಂದ ಇಂಗ್ಲಿಷರು ಇದನ್ನು ಎಣ್ಣೆಯ ಸಾರ್ಡೀನ್ ಎಂದು ಕರೆದರು. ಇದರ ಆಯುಸ್ಸು ಎರಡು ಮೂರು ವರ್ಷಗಳು. ಹುಟ್ಟಿದ ವರ್ಷವು ತುಂಬುವಷ್ಟರಲ್ಲಿ ಸುಮಾರು ೧೫ ಸೆಂಟಿಮೀಟರು ಬೆಳೆದು ತಾಯಾಗಬಲ್ಲುದು. ಬಂಗುಡೆಯೊಂದನ್ನು ಬಿಟ್ಟರೆ ಕರಾವಳಿಯ ಬಡವರ ಮನೆಗಳಲ್ಲಿ ಇದಕ್ಕೆ ಸಮನಾದ ಮೀನು ಬೇರೊಂದಿಲ್ಲ.

ಇದರ ಬಾಳು ಮುಂಗಾರಿಗೆ ಕಟ್ಟುಬಿದ್ದಿರುವ ಬಗೆಯು ಹೀಗೆ: ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಲೆಯಾಳ ಮತ್ತು ಕನ್ನಡ ಕರಾವಳಿಗಳ ಉದ್ದಕ್ಕೂ ಗಾಳಿಯು ಬಡಗಣಿಂದ ತೆಂಕಣಕ್ಕೆ ಓರೆಯಾಗಿ ಬೀಸುವುದು. ಭೂಮಿಯು ತಿರುಗುತ್ತಿರುವ ಕಾರಣದಿಂದ, ಗಾಳಿಯು ತಳ್ಳಿದ ಮೇಲ್ನೀರು ನೇರವಾಗಿ ಹೋಗದೆ ಬಲಕ್ಕೆ ಸರಿದು, ದಡವನ್ನು ಬಿಟ್ಟು ಪಡುವಕ್ಕೆ ಸಾಗುವುದು. ತೆರವಾದ ಎಡೆಗೆ ತಳದಿಂದ ತಣ್ಣೀರು ಏರಿ ಬರುವುದು. ಕೆರೆಯ ತಳದ ಗೋಡು ಹೊಲಕ್ಕೆ ಗೊಬ್ಬರವಾಗುವಂತೆ, ಈ ತಳದ ನೀರಿನಲ್ಲಿರುವ ಲವಣಸಾರಗಳು ಕಡಲಿಗೆ ಗೊಬ್ಬರವಾಗುವುವು. ಬಿಸಿಲು ತಾಗಿದೊಡನೆ ಕಣ್ಣಿಗೆ ಕಾಣದ ತೇಲುಸಸ್ಯಗಳು ಕಡಲಿನ ಬಣ್ಣವೇ ಮಾರ್ಪಡುವಂತೆ ಬೆಳೆಯುವುವು. ಬೂತಾಯಿಗೆ ಅದೇ ಊಟ. ಜೂನಿನಿಂದ ಆಗಸ್ಟಿನ ವರೆಗೆ ತಾಯಿಮೀನುಗಳು ಮೊಟ್ಟೆಯಿಟ್ಟು, ಮರಿಗಳು ಈ ಸಮೃದ್ಧಿಯಲ್ಲಿ ಬೆಳೆದು, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಹಿಂಡುಗಟ್ಟಿ ದಡದ ಹತ್ತಿರಕ್ಕೆ ಬರುವುವು.

ಆದರೆ ಈ ತಣ್ಣೀರಿನಲ್ಲಿ ಗುಣದೊಡನೆ ದೋಷವೂ ಉಂಟು. ಅದರಲ್ಲಿ ಉಸಿರಾಟಕ್ಕೆ ಬೇಕಾದ ಪ್ರಾಣವಾಯುವು ಕಡಮೆ. ಅದು ಅತಿಯಾಗಿ ಏರಿದರೆ ಮೀನು ದೂರ ಓಡುವುದು. ಏರದೆ ಹೋದರೆ ಊಟವಿಲ್ಲ. ಮಳೆಯು ಹದವಾಗಿ ಬಿದ್ದರೆ ಮರಿಗಳಿಗೆ ಹಿತ. ಮೊಟ್ಟೆಯಿಡುವ ವೇಳೆಯಲ್ಲಿ ಅದು ತಪ್ಪಿದರೆ ಆ ವರ್ಷದ ಮರಿಗಳೇ ವಿರಳ. ಹೀಗೆ ನಾಲ್ಕಾರು ಅನುಕೂಲಗಳು ಒಂದೇ ಕಾಲದಲ್ಲಿ ಕೂಡಿಬಂದರೆ ಮಾತ್ರ ಸುಭಿಕ್ಷ. ಬೂತಾಯಿಯು ಒಂದು ವರ್ಷ ದಡದಲ್ಲಿ ರಾಶಿಬಿದ್ದು, ಮತ್ತೊಂದು ವರ್ಷ ಕಣ್ಣಿಗೇ ಬೀಳದೆ ಹೋಗುವುದಕ್ಕೆ ಮೂಲಕಾರಣವಿದು.

೩. ಎಣ್ಣೆಯ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಮೀನಿನ ವಿಷಯವನ್ನು ಮೊದಲು ಶಾಸ್ತ್ರೀಯವಾಗಿ ಬರೆದವರಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯನು ಮುಖ್ಯನು. ಅವನ ಮಲಬಾರಿನ ಮೀನುಗಳೆಂಬ ಗ್ರಂಥವು ೧೮೬೫ರಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ದಡಕ್ಕೆ ಬಂದ ಬೂತಾಯಿಯಲ್ಲಿ ತಿಂದು ಉಳಿದುದನ್ನು ಮರಳಿನಲ್ಲಿ ಒಣಗಿಸಿ ತೆಂಗಿನ ಮರಗಳಿಗೆ ಗೊಬ್ಬರವಾಗಿ ಹಾಕುತ್ತಿದ್ದರು. ಕೊಳೆಯಿಸಿ ತೆಗೆದ ಎಣ್ಣೆಯನ್ನು ದೋಣಿಗೆ ಬಳಿಯಲೂ ದೀಪಕ್ಕೂ ಬಳಸುತ್ತಿದ್ದರು. ಉಪ್ಪಿನ ಮೇಲೆ ಸರ್ಕಾರದವರ ತೆರಿಗೆಯು ಭಾರವಾಗಿದ್ದುದರಿಂದ ಬಡ ಬೆಸ್ತನಿಗೆ ಮೀನನ್ನು ಉಪ್ಪುಹಾಕಿ ಕಾಪಾಡುವುದು ಕಷ್ಟವಾಗಿದ್ದಿತು. ಆ ಕಷ್ಟವನ್ನು ನೀಗಲು ಮದರಾಸು ಸರ್ಕಾರದವರು ಕರಾವಳಿಯಲ್ಲಿ ಮೀನಿಗೆ ಉಪ್ಪುಹಾಕುವ ಅಂಗಳಗಳನ್ನು ತೆರೆದು, ಅಲ್ಲಿ ಅಗ್ಗದ ಉಪ್ಪನ್ನು ಕೊಡುವ ಏರ್ಪಾಟುಮಾಡಿದರು. ಘಟ್ಟದ ಮೇಲಣ ಸಂತೆಗಳಿಗೆ ಒಣಮೀನು ಬರುವುದಕ್ಕೆ ಇದು ಸಹಾಯವಾಯಿತು.

ಮೀನುಗಾರಿಕೆಯನ್ನು ಸರ್ಕಾರದ ಒಂದು ಇಲಾಖೆಯಾಗಿ ಕಟ್ಟಿದ ಕೀರ್ತಿಯು ಸರ್ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಗೆ ಸಲ್ಲುವುದು. ರೈತರ ಸಾಲದ ವಿಷಯವಾಗಿ ಪ್ರಸಿದ್ಧವಾದ ವರದಿಯನ್ನು ಬರೆದು ಸಹಕಾರದ ಚಳವಳಿಗೆ ದಾರಿಮಾಡಿದವನೂ ಇವನೇ. ೧೯೦೭ರಲ್ಲಿ ಮದರಾಸಿನಲ್ಲಿ ಮೀನುಗಾರಿಕೆಯ ಇಲಾಖೆಯು ಹುಟ್ಟಿತು. ಮಲಬಾರಿನ ತಾನೂರಿನಲ್ಲಿ ನಿಕಲ್ಸನ್ನನು ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿ, ಬೂತಾಯಿಯನ್ನು ಹೊಸದಾಗಿರುವಾಗಲೇ ನೀರಿನಲ್ಲಿ ಕುದಿಸಿ, ಹಿಂಡಿ, ಎಣ್ಣೆಯನ್ನು ಬೇರ್ಪಡಿಸಿ, ಉಳಿದ ಹಿಂಡಿಯನ್ನು ಒಣಗಿಸಿ ಗೊಬ್ಬರಮಾಡುವ ಕ್ರಮವನ್ನು ಜನರಿಗೆ ತೋರಿಸಿದನು. ಇದರಲ್ಲಿ ದೊಡ್ಡ ಯಂತ್ರದ ಅಗತ್ಯವಿರಲಿಲ್ಲ. ಹಂಡೆ, ಒಲೆ, ಒತ್ತುವ ತಿರುಪು, ಇಷ್ಟಿದ್ದರೆ ಸಾಕು. ಕೆಲವೇ ವರ್ಷಗಳಲ್ಲಿ ಮಲಬಾರ್ ಮತ್ತು ದಕ್ಷಿಣಕನ್ನಡದ ಕರಾವಳಿಯಲ್ಲಿ ಇಂತಹ ಕಾರ್ಖಾನೆಗಳು ನೂರಾರು ಎದ್ದುವು. ಎಣ್ಣೆಯು ಹಡಗನ್ನೇರಿತು, ಗೊಬ್ಬರವು ಘಟ್ಟವನ್ನೇರಿ ಕಾಫಿಯ ತೋಟಗಳಿಗೆ ಹೋಯಿತು.

ಬೆಸ್ತನ ಮೀನಿಗೆ ಬೆಲೆ ಬಂದುದು ನಿಜ. ಆದರೆ ಅಂದಿನಿಂದ ಬೂತಾಯಿಯ ಹಣೆಬರಹವೂ ಮಾರ್ಪಟ್ಟಿತು. ಅದಕ್ಕೆ ಮೊದಲು ಊಟದ ಎಲೆಯೇ ಬಲೆಗೆ ಮಿತಿಯಾಗಿದ್ದಿತು. ತಿನ್ನುವ ಬಾಯಿ ತುಂಬಿದರೆ ಹಿಡಿಯುವ ಕೈಯೂ ನಿಲ್ಲುತ್ತಿದ್ದಿತು. ಹಂಡೆಗೆ ಅಂತಹ ತೃಪ್ತಿಯಿಲ್ಲ. ಎಷ್ಟು ತಂದರೂ ಬೇಯಿಸುವ ಒಲೆಯು ದಡದಲ್ಲಿ ಉರಿಯತೊಡಗಿದ ಮೇಲೆ, ಸಾಕೆಂಬ ಮಾತನ್ನು ಹೇಳುವವರಾರೂ ಇಲ್ಲವಾದರು.

ನಿಕಲ್ಸನ್ನನ ತರುವಾಯ ಜೇಮ್ಸ್ ಹಾರ್ನೆಲ್ ಎಂಬ ವಿದ್ವಾಂಸನು ಇಲಾಖೆಯನ್ನು ನಡೆಸಿದನು. ಅವನೂ ನಾಯುಡು ಎಂಬ ಸಹೋದ್ಯೋಗಿಯೂ ಕೂಡಿ ಬೂತಾಯಿಯ ಜೀವನಕ್ರಮವನ್ನೂ ಅದರ ಆಹಾರವಾದ ತೇಲುಜೀವಿಗಳನ್ನೂ ಪರಿಶೀಲಿಸಿ ಬರೆದ ಪ್ರಬಂಧವು ೧೯೨೦ರ ದಶಕದಲ್ಲಿ ಹೊರಬಂದಿತು. ಮೀನಿನ ಬರವು-ಅಳಿವುಗಳಿಗೆ ದೈವವನ್ನು ದೂರುವುದನ್ನು ಬಿಟ್ಟು ಕಡಲನ್ನೇ ಓದಬೇಕೆಂಬ ಮಾರ್ಗವು ಆಗ ತೆರೆಯಿತು.

೪. ೧೯೪೩ರ ನಿರ್ಬಂಧ

೧೯೪೦ರ ದಶಕದಲ್ಲಿ ಬೂತಾಯಿಯು ಮಲಬಾರಿನ ಕರಾವಳಿಯಲ್ಲಿ ವರ್ಷದ ಮೇಲೆ ವರ್ಷ ಕೈಕೊಟ್ಟಿತು. ಹಂಡೆಗಳು ಆರಿದುವು. ಮದರಾಸು ಇಲಾಖೆಯ ದೇವನೇಶನ್ ಎಂಬ ವಿದ್ವಾಂಸರು ೧೯೪೩ರಲ್ಲಿ ಈ ಏರಿಳಿತಗಳ ಕಾರಣವನ್ನು ಕುರಿತು ಬರೆದರು. ಮೊಟ್ಟೆ ತುಂಬಿದ ತಾಯಿಮೀನುಗಳನ್ನೂ ಎಳೆಯ ಮರಿಗಳನ್ನೂ ಮಿತಿಯಿಲ್ಲದೆ ಹಿಡಿದುದೇ ಕಾರಣವೆಂಬುದು ಅವರ ಅಭಿಪ್ರಾಯ. ಮಲೆಯಾಳದಲ್ಲಿ ಒಂದು ಬಗೆಯ ಬಲೆಗೆ ಮತ್ತಿಕೊಲ್ಲಿ ಎಂದು ಹೆಸರೇ ಇದ್ದಿತು. ಅದೇ ವರ್ಷ ಮದರಾಸು ಸರ್ಕಾರದವರು ಕೆಲವು ಬಗೆಯ ಬಲೆಗಳನ್ನೂ ಎಳೆಮೀನನ್ನು ಹಿಡಿಯುವುದನ್ನೂ ನಿರ್ಬಂಧಿಸಿದರು.

ಈ ನಿರ್ಬಂಧವು ಕೆಲವು ವರ್ಷಗಳು ಮಾತ್ರ ಇದ್ದು ಬಳಿಕ ಹಿಂತೆಗೆಯಲ್ಪಟ್ಟಿತು. ಸೋಜಿಗವೇನೆಂದರೆ, ನಿರ್ಬಂಧವು ಹೋದ ಮೇಲೆಯೇ, ೧೯೫೦ರ ದಶಕದಲ್ಲಿ, ಮೀನು ಮತ್ತೆ ಬಂದಿತು. ಬಲೆಯ ತಪ್ಪಲ್ಲ, ಕಡಲಿನ ಇಚ್ಛೆಯೆಂದು ಅನೇಕರು ಆಗ ನಿಶ್ಚಯಿಸಿಕೊಂಡರು. ಅಂದಿನ ಸ್ಥಿತಿಗೆ ಆ ನಿಶ್ಚಯವು ಬಹುಮಟ್ಟಿಗೆ ಒಪ್ಪತಕ್ಕದ್ದೇ. ದೋಣಿಗಳು ಹುಟ್ಟಿನಿಂದಲೂ ಹಾಯಿಯಿಂದಲೂ ಸಾಗುತ್ತಿದ್ದುವು. ಬಲೆಗಳು ನೂಲಿನವು, ಸೆಣಬಿನವು. ಇಷ್ಟು ಸಾಧನದಿಂದ ಅಷ್ಟು ದೊಡ್ಡ ಕಡಲನ್ನು ಬರಿದುಮಾಡುವುದು ಸುಲಭವಾಗಿರಲಿಲ್ಲ. ಆದರೆ ಒಂದು ಕಾಲಕ್ಕೆ ಸಂದ ತೀರ್ಮಾನವು ಸಾಧನಗಳು ಮಾರ್ಪಟ್ಟ ಮೇಲೂ ಸಲ್ಲುವುದೆಂದು ನಂಬಿದುದೇ ಮುಂದಣ ತಪ್ಪಿಗೆ ಬೀಜವಾಯಿತು.

ಇಲ್ಲಿ ಈ ಸೀಮೆಗೆ ಸಂಬಂಧಪಟ್ಟ ಒಂದು ಹೋಲಿಕೆಯು ಉಚಿತವಾಗಿರುವುದು. ಮದರಾಸಿನವರು ಕಡಲಿಗೆ ನಿರ್ಬಂಧವನ್ನು ಹಾಕಿದುದಕ್ಕೆ ಎರಡು ವರ್ಷಗಳ ಹಿಂದೆ, ೧೯೪೧ರಲ್ಲಿ, ಮೈಸೂರು ಸಂಸ್ಥಾನದವರು ಬಂಡೀಪುರದ ಕಾಡಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ಸ್ಥಾಪಿಸಿದರು. ಗೋಪಾಲಸ್ವಾಮಿಯ ಹೆಸರನ್ನೇ ಅದಕ್ಕಿಟ್ಟರು. ಕಾಡಿನ ರಕ್ಷಣೆಯು ನಿಂತಿತು, ಬೆಳೆಯಿತು; ೧೯೭೩ರಲ್ಲಿ ಹುಲಿಯ ರಕ್ಷಿತಾರಣ್ಯವಾಯಿತು. ಕಡಲಿನ ರಕ್ಷಣೆಯು ಬಿದ್ದುಹೋಯಿತು. ಕಾಡಿಗೆ ಎಲ್ಲೆಕಲ್ಲನ್ನು ನೆಡಬಹುದು, ಕಾವಲುಗಾರನನ್ನು ನಿಲ್ಲಿಸಬಹುದು, ಹೆಜ್ಜೆಯ ಗುರುತಿನಿಂದ ಮೃಗಗಳನ್ನು ಎಣಿಸಬಹುದು. ಕಡಲಿನ ಮೀನಿಗೆ ಎಲ್ಲೆಯೂ ಇಲ್ಲ, ಹೆಜ್ಜೆಯೂ ಇಲ್ಲ. ಅದನ್ನು ಎಣಿಸುವುದಕ್ಕೆ ಹಿಡಿದ ಮೇಲಲ್ಲದೆ ಬೇರೆ ದಾರಿಯು ಬಹುಕಾಲ ತಿಳಿದಿರಲಿಲ್ಲ.

೫. ರಂಪಣಿಯಿಂದ ಯಂತ್ರದ ದೋಣಿಗೆ

ಎಣಿಸುವ ಕೆಲಸವನ್ನು ಸ್ವತಂತ್ರಭಾರತವು ಕ್ರಮವಾಗಿ ಮಾಡಿತು. ೧೯೪೭ರ ಫೆಬ್ರವರಿಯಲ್ಲಿ ಸ್ಥಾಪಿತವಾದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು, ದಡಕ್ಕೆ ಬಂದ ಮೀನಿನ ಲೆಕ್ಕವನ್ನು ಊರೂರಿನಲ್ಲಿ ಇಡತೊಡಗಿತು. ಈಗ ಕೊಚ್ಚಿಯು ಅದರ ಮುಖ್ಯಸ್ಥಾನ, ಮಂಗಳೂರಿನಲ್ಲಿಯೂ ಕೇಂದ್ರವುಂಟು. ಆ ಸಂಸ್ಥೆಯ ಆಂಟನಿ ರಾಜಾ ಎಂಬುವರು ೧೯೬೯ರಲ್ಲಿ ಬೂತಾಯಿಯ ವಿಷಯವಾಗಿಯೇ ಒಂದು ಗ್ರಂಥವನ್ನು ಬರೆದು, ಅದುವರೆಗಿನ ತಿಳಿವಳಿಕೆಯನ್ನೆಲ್ಲ ಒಂದೆಡೆ ಕೂಡಿಸಿದರು. ಮುಂಗಾರಿನ ಮಳೆಗೂ ಮರಿಗಳ ಸಮೃದ್ಧಿಗೂ ಇರುವ ನಂಟನ್ನು ಅವರು ವಿಶೇಷವಾಗಿ ವಿಚಾರಿಸಿದರು.

ಇತ್ತ ಕನ್ನಡ ಕರಾವಳಿಯಲ್ಲಿ ಆಗ ರಂಪಣಿಯ ಕಾಲ. ಗೋವೆಯ ಕಡೆಯಿಂದ ಬಂದ ಈ ದೊಡ್ಡ ಎಳೆಬಲೆಯು ಒಬ್ಬನ ಸೊತ್ತಾಗಿರಲಿಲ್ಲ. ಅನೇಕ ಮನೆಗಳವರು ತಮ್ಮ ತಮ್ಮ ಬಲೆಯ ತುಂಡುಗಳನ್ನು ತಂದು ಹೆಣೆದು ಒಂದು ಮಾಡುತ್ತಿದ್ದರು. ಹಿಂಡು ದಡಕ್ಕೆ ಬಂದಿದೆಯೆಂಬ ಕೂಗು ಎದ್ದೊಡನೆ ದೋಣಿಯವರು ಬಲೆಯನ್ನು ಅರ್ಧಚಂದ್ರಾಕಾರವಾಗಿ ಸುತ್ತಿ ತರುವರು. ಅರುವತ್ತರಿಂದ ನೂರು ಮಂದಿ ಎರಡು ಸಾಲಾಗಿ ಮರಳಿನಲ್ಲಿ ನಿಂತು ಹಗ್ಗವನ್ನು ಎಳೆಯುವರು. ಬಂದುದರಲ್ಲಿ ದೋಣಿಗೆ, ಬಲೆಗೆ, ಎಳೆದ ತೋಳಿಗೆ ಬೇರೆಬೇರೆ ಪಾಲು. ರಂಪಣಿಗೆ ಒಂದು ಗುಣವಿದ್ದಿತು: ಮೀನು ತಾನಾಗಿ ದಡಕ್ಕೆ ಬಂದರೆ ಮಾತ್ರ ಅದು ಹಿಡಿಯಬಲ್ಲುದಾಗಿದ್ದಿತು, ಮೀನನ್ನು ಅಟ್ಟಿಕೊಂಡು ಹೋಗಲಾರದಾಗಿದ್ದಿತು.

೧೯೭೦ರ ದಶಕದ ನಡುವಿನಲ್ಲಿ ಪರ್ಸೀನ್ ಎಂಬ ಬಲೆಯು ಯಂತ್ರದ ದೋಣಿಗಳೊಡನೆ ಬಂದಿತು. ಕೈಚೀಲದ ಬಾಯನ್ನು ದಾರದಿಂದ ಎಳೆದು ಮುಚ್ಚುವಂತೆ, ಇದು ಹಿಂಡನ್ನು ಸುತ್ತಲೂ ಕೆಳಗೂ ಕಟ್ಟಿಹಾಕುವುದು. ದಡಕ್ಕೆ ಬರಬೇಕಾದ ಹಿಂಡು ನಡುನೀರಿನಲ್ಲಿಯೇ ಮುಗಿದುಹೋಗತೊಡಗಿತು. ಮರಳಿನಲ್ಲಿ ಹಗ್ಗಹಿಡಿದು ನಿಂತವರು ಬರಿಗೈಯಲ್ಲಿ ಮನೆಗೆ ಹೋಗಬೇಕಾಯಿತು. ಆ ದಶಕದ ಕೊನೆಯಲ್ಲಿ ರಂಪಣಿಯವರಿಗೂ ಪರ್ಸೀನಿನವರಿಗೂ ಕಲಹಗಳಾದುವು. ಕೆಲವೇ ವರ್ಷಗಳಲ್ಲಿ ರಂಪಣಿಯು ಬಹುತೇಕ ಮಾಯವಾಯಿತು. ಅದರೊಡನೆ ಊರೊಟ್ಟಿನ ಪಾಲುಗಾರಿಕೆಯೂ ಸಡಿಲಿತು. ಕಡಲಿನಲ್ಲಿ ಯಾರು ಎಲ್ಲಿ ಹಿಡಿಯಬೇಕೆಂಬುದಕ್ಕೆ ಶಾಸನವು ಬೇಕೆಂಬುದು ಎಲ್ಲರಿಗೂ ಮನವರಿಕೆಯಾಗಿ, ೧೯೮೬ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಶಾಸನವು ಹುಟ್ಟಿತು.

೬. ಕಾದ ಕಡಲು

ಬಲೆಯು ಬಲವಾದ ಕಾಲದಲ್ಲಿಯೇ ಕಡಲೂ ತನ್ನ ಪ್ರಕೃತಿಯನ್ನು ಬಿಡತೊಡಗಿದ್ದಿತು. ಕಲ್ಲಿದ್ದಲು ಮತ್ತು ಕಲ್ಲೆಣ್ಣೆಗಳ ಹೊಗೆಯಿಂದ ಭೂಮಂಡಲದಲ್ಲಿ ಹೆಚ್ಚಿದ ಶಾಖದ ಬಹುಭಾಗವನ್ನು ಸಾಗರಗಳೇ ನುಂಗಿಕೊಂಡಿವೆ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ೧೯೦೧ರಿಂದ ೨೦೧೨ರ ವರೆಗೆ ಹಿಂದೂಮಹಾಸಾಗರದ ಪಶ್ಚಿಮಭಾಗದ ಮೇಲ್ನೀರು ಮುಂಗಾರಿನ ತಿಂಗಳುಗಳಲ್ಲಿ ಸುಮಾರು ೧.೨ ಡಿಗ್ರಿ ಸೆಂಟಿಗ್ರೇಡ್ ಕಾದಿದೆ. ಒಂದು ಡಿಗ್ರಿಯೆಂದರೆ ಮನುಷ್ಯನಿಗೆ ಲೆಕ್ಕಕ್ಕೆ ಬಾರದು. ಮೈಯಲ್ಲಿ ಸ್ವಂತ ಬಿಸಿಯಿಲ್ಲದೆ ನೀರಿನ ಬಿಸಿಯಲ್ಲಿಯೇ ಬಾಳುವ ಮೀನಿಗೆ ಅದು ಸಣ್ಣ ಮಾತಲ್ಲ. ಮೇಲ್ನೀರು ಕಾದು ಹಗುರಾದರೆ ತಳದ ತಣ್ಣೀರು ಏರಿ ಬೆರೆಯುವುದಕ್ಕೆ ಅಡ್ಡಿಯಾಗುವುದು, ತೇಲುಸಸ್ಯವು ಕುಗ್ಗುವುದು. ಆ ಭಾಗದಲ್ಲಿ ಆರು ದಶಕಗಳಲ್ಲಿ ತೇಲುಸಸ್ಯವು ನೂರಕ್ಕೆ ಇಪ್ಪತ್ತರ ವರೆಗೆ ಕಡಮೆಯಾಗಿರಬಹುದೆಂದು ೨೦೧೬ರ ಮತ್ತೊಂದು ಪರಿಶೋಧನೆಯು ಹೇಳಿತು.

ಮೀನುಗಳ ನಡತೆಯಲ್ಲಿ ಇದರ ಗುರುತುಗಳು ಕಂಡುವು. ಸಾಗರ ಸಂಶೋಧನಾ ಸಂಸ್ಥೆಯ ವಿವೇಕಾನಂದನ್ ಮೊದಲಾದವರು ೨೦೦೯ರಲ್ಲಿ ತೋರಿಸಿಕೊಟ್ಟುದೇನೆಂದರೆ: ೧೯೮೫ರ ವರೆಗೆ ಬೂತಾಯಿಯು ಬಹುತೇಕ ಎಲ್ಲವೂ ೮ರಿಂದ ೧೪ನೆಯ ಅಕ್ಷಾಂಶಗಳ ನಡುವೆಯೇ ದೊರೆಯುತ್ತಿದ್ದಿತು. ಹದಿನಾಲ್ಕನೆಯ ಅಕ್ಷಾಂಶವು ಭಟ್ಕಳದ ಬಳಿ ಹಾಯುವುದು. ಅನಂತರದ ಎರಡು ದಶಕಗಳಲ್ಲಿ ಬೂತಾಯಿಯು ಆ ಗೆರೆಯನ್ನು ದಾಟಿ ಬಡಗಣಕ್ಕೆ ಹರಡಿತು. ಪೂರ್ವದ ಕರಾವಳಿಯಲ್ಲಿಯೂ ಹೇರಳವಾಗಿ ಕಾಣಿಸಿಕೊಂಡಿತು. ಬಂಗುಡೆಯು ಬೇರೆ ಉಪಾಯವನ್ನು ಹಿಡಿಯಿತು. ಹಿಂದೆ ಮೇಲ್ನೀರಿನಲ್ಲಿ ಹಿಂಡಾಗಿ ಬರುತ್ತಿದ್ದ ಅದು, ತಂಪನ್ನರಸಿ ಕೆಳಕ್ಕಿಳಿದು, ತಳವನ್ನು ಬಾಚುವ ಟ್ರಾಲ್ ಬಲೆಗಳಲ್ಲಿ ಹೆಚ್ಚುಹೆಚ್ಚಾಗಿ ಸಿಕ್ಕಿತು. ಒಂದು ಮೀನು ಊರನ್ನು ಬದಲಾಯಿಸಿತು, ಇನ್ನೊಂದು ಮಹಡಿಯನ್ನು ಬಿಟ್ಟು ನೆಲಮನೆಗೆ ಇಳಿಯಿತು. ಬೂತಾಯಿಯ ಹರಡುವಿಕೆಯನ್ನು ನೋಡಿ ಕಾದ ಕಡಲಿನಿಂದ ಅದಕ್ಕೆ ಲಾಭವೇ ಆಯಿತೆಂದು ಕೆಲವರು ಭಾವಿಸಿದರು. ಲಾಭವು ನಿಲ್ಲಲಿಲ್ಲ.

೨೦೧೨ರಲ್ಲಿ ಕೇರಳದ ಕರಾವಳಿಯೊಂದರಲ್ಲಿಯೇ ಸುಮಾರು ೩.೯ ಲಕ್ಷ ಟನ್ನು ಬೂತಾಯಿಯು ದಡಕ್ಕೆ ಬಂದಿತು. ಹಿಂದೆಂದೂ ಕಾಣದ ಸಮೃದ್ಧಿಯದು. ಪರ್ಸೀನುಗಳೂ ಇತರ ದೋಣಿಗಳೂ ಮರಿಗಳನ್ನೂ ಬಿಡದೆ ಬಾಚಿದುವು. ೨೦೧೫ರಲ್ಲಿ ಪೆಸ್ಸಿಫಿಕ್ ಮಹಾಸಾಗರದಲ್ಲಿ ಹುಟ್ಟಿದ ಪ್ರಬಲವಾದ ಎಲ್ ನಿನೋ ಎಂಬ ವೈಪರೀತ್ಯವು ಈ ಕಡಲನ್ನೂ ಬಾಧಿಸಿತು. ೨೦೧೬ರಲ್ಲಿ ಬಂದುದು ಸುಮಾರು ೪೬ ಸಾವಿರ ಟನ್ನು ಮಾತ್ರ. ೨೦೨೧ರಲ್ಲಿ ಅದು ಸುಮಾರು ೩೩೦೦ ಟನ್ನಿಗೆ ಇಳಿಯಿತು. ೧೯೯೪ರ ಮಹಾಕ್ಷಾಮದ ತರುವಾಯ ಅಷ್ಟು ಕೆಳಕ್ಕೆ ಎಂದೂ ಬಿದ್ದಿರಲಿಲ್ಲ. ಮತ್ತೆ ೨೦೨೩ರಲ್ಲಿ ೧.೩೮ ಲಕ್ಷ ಟನ್ನು ಬಂದಿತು. ೨೦೨೪ರಲ್ಲಿ ಮುಂಗಾರು ಅನುಕೂಲವಾಗಿದ್ದು ಮರಿಗಳು ಅಪಾರವಾಗಿ ಉಳಿದುವು. ಆದರೆ ಊಟಕ್ಕೆ ಪೈಪೋಟಿಯಾಗಿ ಅವುಗಳ ಬೆಳವಣಿಗೆಯೇ ಕುಂಠಿತವಾಯಿತು. ಗೇಣುದ್ದದ ಮೀನಿನ ಬದಲು ಬೆರಳುದ್ದದ ಮೀನು ಬುಟ್ಟಿಗಳನ್ನು ತುಂಬಿ, ಬೆಲೆಯು ನೆಲಕ್ಕಿಳಿಯಿತು.

೭. ಬಲೆಯೋ ಕಡಲೋ

ಈ ಲೆಕ್ಕವನ್ನು ಓದಿದವರಲ್ಲಿ ಹಳೆಯ ವಾದವೇ ಮತ್ತೆ ಹುಟ್ಟುವುದು. ದೋಷವು ಬಲೆಯದೋ ಕಡಲಿನದೋ? ೧೯೪೩ರಲ್ಲಿ ಬಲೆಯೆಂದರು; ೧೯೫೦ರ ದಶಕದಲ್ಲಿ ಕಡಲೆಂದರು; ರಂಪಣಿಯವರು ಪರ್ಸೀನೆಂದರು; ಪರ್ಸೀನಿನವರು ಹವೆಯೆಂದರು. ತನಗೆ ಅನುಕೂಲವಾದ ಕಾರಣವನ್ನು ಹಿಡಿಯುವುದು ಮನುಷ್ಯಸ್ವಭಾವ. ಚರಿತ್ರೆಯನ್ನು ಸಮಚಿತ್ತದಿಂದ ನೋಡಿದರೆ ಎರಡು ಕಾರಣಗಳೂ ಬೇರೆಬೇರೆ ಕೆಲಸ ಮಾಡುತ್ತಿರುವುದು ಗೊತ್ತಾಗುವುದು. ಯಾವ ವರ್ಷ ಎಷ್ಟು ಮರಿಗಳು ಉಳಿಯಬೇಕೆಂಬುದನ್ನು ಗಾಳಿಯೂ ಮಳೆಯೂ ನಿರ್ಧರಿಸುವುವು. ಉಳಿದ ಮರಿಗಳಲ್ಲಿ ಎಷ್ಟು ತಾಯಾಗಬೇಕೆಂಬುದನ್ನು ಬಲೆಯು ನಿರ್ಧರಿಸುವುದು. ಮೊದಲನೆಯದು ಮನುಷ್ಯನ ಕೈಗೆ ಸಿಕ್ಕದು, ಎರಡನೆಯದು ಸಿಕ್ಕುವುದು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ಈ ಸೀಮೆಯ ಒಕ್ಕಲಿಗನು ರಾಗಿಯನ್ನು ಹಗೇವಿನಲ್ಲಿ ತುಂಬಿ ಕ್ಷಾಮದ ವರ್ಷಕ್ಕೆ ಕಾಯ್ದಿರಿಸುತ್ತಿದ್ದನು. ಎರಡು ಮೂರು ವರ್ಷ ಬಾಳುವ ಮೀನನ್ನು ಹಾಗೆ ಕಾಯ್ದಿರಿಸುವುದು ಸಾಧ್ಯವೇ, ಬಿಟ್ಟ ಮೀನು ತಾನೇ ಸಾಯುವುದಲ್ಲವೇ, ಎಂದು ಕೇಳುವರು. ಮೀನನ್ನು ಕಣಜದಲ್ಲಿಡಲಾಗದೆಂಬುದು ನಿಜ. ಆದರೆ ಬಿತ್ತನೆಯ ಬೀಜದ ನ್ಯಾಯವು ಕಣಜದ ನ್ಯಾಯಕ್ಕಿಂತ ಬೇರೆ. ಒಂದು ಮುಂಗಾರು ಕೆಟ್ಟರೂ ಮುಂದಿನ ಮುಂಗಾರಿನಲ್ಲಿ ಮೊಟ್ಟೆಯಿಡಲು ಸಾಕಷ್ಟು ತಾಯಿಗಳಿದ್ದರೆ ಕುಲವು ಚೇತರಿಸಿಕೊಳ್ಳುವುದು. ಕೆಟ್ಟ ಮುಂಗಾರುಗಳು ಒಂದರ ಹಿಂದೊಂದು ಬರುವ ಸಂಭವವು ಹೆಚ್ಚಿರುವ ಈ ಕಾದ ಕಡಲಿನಲ್ಲಿ, ಆ ತಾಯಿಗಳ ಬೆಲೆಯು ಹಿಂದಿಗಿಂತಲೂ ಹೆಚ್ಚಾಗಿದೆ. ಹವೆಯು ಕೆಟ್ಟಿರುವುದರಿಂದ ಬಲೆಗೆ ನಿಯಮವೇತಕ್ಕೆಂಬ ವಾದವು ಈ ಕಾರಣದಿಂದ ತಲೆಕೆಳಗಾದುದು.

ನಿಯಮಗಳು ಇಲ್ಲದೆ ಇಲ್ಲ. ಕರ್ನಾಟಕದಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಯಂತ್ರದ ದೋಣಿಗಳಿಗೆ ಕಡಲು ನಿಷಿದ್ಧ. ಅಶೋಕನ ಪರ್ವನಿಷೇಧವೂ ಮೊಗವೀರರ ಮಳೆಗಾಲದ ವಿರಾಮವೂ ಶಾಸನರೂಪದಲ್ಲಿ ಮರಳಿ ಬಂದಂತಿದೆ. ೨೦೧೫ರಲ್ಲಿ ಕೇರಳ ಸರ್ಕಾರದವರು ಹತ್ತು ಸೆಂಟಿಮೀಟರಿಗಿಂತ ಚಿಕ್ಕದಾದ ಬೂತಾಯಿಯನ್ನು ಹಿಡಿಯಲಾಗದೆಂದು ವಿಧಿಸಿದರು. ೨೦೧೭ರಲ್ಲಿ ಕೇಂದ್ರಸರ್ಕಾರದವರು ಪ್ರಖರವಾದ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನು ತಮ್ಮ ಎಲ್ಲೆಯ ಕಡಲಿನಲ್ಲಿ ನಿಷೇಧಿಸಿದರು.

ಆದರೂ ತೊಡಕುಗಳು ಮೂರು. ಮೊದಲನೆಯದು ಎಲ್ಲೆಯ ತೊಡಕು. ದಡದಿಂದ ಹನ್ನೆರಡು ನಾವಿಕ ಮೈಲಿಗಳ ವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ ಅಧಿಕಾರ. ೧೯೫೬ರಲ್ಲಿ ಮಂಗಳೂರು ಮೈಸೂರಿಗೂ ಕಾಸರಗೋಡು ಕೇರಳಕ್ಕೂ ಸೇರಿದಂದು ಭೂಮಿಯ ಮೇಲೆ ಎಳೆದ ಗೆರೆಯು ನೀರಿನೊಳಕ್ಕೂ ಹೋಯಿತು. ಮೀನಿಗೆ ಮಾತ್ರ ಅದು ಕಾಣಲಿಲ್ಲ. ಒಂದು ರಾಜ್ಯದಲ್ಲಿ ವಿರಾಮವು ೬೧ ದಿನ, ಪಕ್ಕದ ರಾಜ್ಯದಲ್ಲಿ ೫೨ ದಿನ. ಒಂದೆಡೆ ನಿಷಿದ್ಧವಾದ ಮರಿಯು ಇನ್ನೊಂದೆಡೆಯ ಬಂದರಿನಲ್ಲಿ ಮಾರಾಟವಾಗಲು ಎಡೆಯಿದ್ದರೆ ನಿಯಮವು ಬರಿಯ ಕಾಗದವಾಗುವುದು. ಎರಡನೆಯದು ಹಂಡೆಯ ತೊಡಕು. ನಿಕಲ್ಸನ್ನನ ಕಾಲದ ಒಲೆಗಳ ಎಡೆಯಲ್ಲಿ ಈಗ ಮಂಗಳೂರು ಉಡುಪಿಗಳ ಕರಾವಳಿಯಲ್ಲಿ ಮೀನಿನ ಹಿಟ್ಟು ಮತ್ತು ಎಣ್ಣೆಯ ಕಾರ್ಖಾನೆಗಳಿವೆ. ಸಾಕುಮೀನಿಗೂ ಸೀಗಡಿಗೂ ಕೋಳಿಗೂ ಮೇವನ್ನು ಒದಗಿಸುವ ಇವು ಅನೇಕರಿಗೆ ಕೆಲಸವನ್ನು ಕೊಟ್ಟಿವೆ. ಆದರೆ ತಿನ್ನಲು ಬಾರದ ಮರಿಗೂ ಬೆಲೆಯನ್ನು ಕಟ್ಟಿವೆ. ಮೂರನೆಯದು ಬಡವನ ತೊಡಕು. ವಿರಾಮದ ಭಾರವನ್ನು ಹೊರುವವರು ದೊಡ್ಡ ದೋಣಿಯ ಯಜಮಾನರಿಗಿಂತ ಹೆಚ್ಚಾಗಿ ಕೂಲಿಯ ಬೆಸ್ತರೂ ಬುಟ್ಟಿಹೊತ್ತು ಮಾರುವ ಹೆಂಗಸರೂ ಆಗಿರುವರು. ಅವರ ಒಲೆಯನ್ನು ಉರಿಸದೆ ಹಾಕಿದ ನಿಯಮವು ೧೯೪೩ರದರಂತೆಯೇ ಬಿದ್ದುಹೋಗುವ ಸಂಭವವುಂಟು.

ಪಂಚಾಂಗದಲ್ಲಿ ಗೊತ್ತುಮಾಡಿದ ದಿನಗಳಿಗೆ ಮಾತ್ರ ಅಂಟಿಕೊಂಡ ನಿಯಮವೂ ಸಾಲದು. ಕಡಲಿನ ಪಂಚಾಂಗವೇ ಈಗ ಹಿಂದುಮುಂದಾಗುತ್ತಿದೆ. ಮಳೆಯು ತಡವಾದ ವರ್ಷ ಮೊಟ್ಟೆಯಿಡುವುದೂ ತಡವಾಗಬಹುದು. ಆಕಾಶದ ಉಪಗ್ರಹಗಳು ಕಡಲಿನ ಬಿಸಿಯನ್ನೂ ಹಸಿರನ್ನೂ ಪ್ರತಿದಿನ ಅಳೆಯುತ್ತಿರುವಾಗ, ಆ ವರ್ಷದ ಲಕ್ಷಣವನ್ನು ನೋಡಿ ಆ ವರ್ಷದ ಮಿತಿಯನ್ನು ಗೊತ್ತುಮಾಡುವುದು ಅಸಾಧ್ಯವಲ್ಲ. ಮುಖ್ಯವಾಗಿ, ಸಮೃದ್ಧಿಯ ವರ್ಷದಲ್ಲಿಯೇ ಕೈಯನ್ನು ಹಿಡಿಯಬೇಕು. ೨೦೧೨ರಂತಹ ವರ್ಷವೇ ನಿಜವಾದ ಪರೀಕ್ಷೆಯ ಕಾಲ. ಬುಟ್ಟಿ ಬರಿದಾದ ಮೇಲೆ ಸಂಯಮವನ್ನು ಬೋಧಿಸುವುದು ಸುಲಭ.

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯು ಬಂಡೀಪುರದ ಕಾಡಿನೊಳಗೆ ಹಾಯುವುದು. ೨೦೦೯ರಿಂದ ಆ ದಾರಿಯು, ಕೆಲವು ಬಸ್ಸುಗಳನ್ನೂ ತುರ್ತಿನ ಗಾಡಿಗಳನ್ನೂ ಉಳಿದು, ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ವರೆಗೆ ಮುಚ್ಚಿರುತ್ತದೆ; ಕಾಡಿನ ಮೃಗಗಳಿಗೆ ರಾತ್ರಿಯನ್ನು ಬಿಟ್ಟುಕೊಡುವುದಕ್ಕಾಗಿ. ಕಲ್ಲಿಕೋಟೆಯ ಕಡಲಿನಿಂದ ಮೀನನ್ನು ಹೇರಿಕೊಂಡು ತಾಮರಶೇರಿಯ ಘಟ್ಟವನ್ನೇರಿ ಬರುವ ಲಾರಿಯೂ ಒಂಬತ್ತು ಹೊಡೆದ ಮೇಲೆ ಗಡಿಯಲ್ಲಿ ನಿಲ್ಲಲೇಬೇಕು. ಈ ನಿಲುಗಡೆಯ ವಿಷಯದಲ್ಲಿ ವಾದಗಳು ನಡೆದಿವೆ, ನಷ್ಟಪಟ್ಟವರೂ ಇದ್ದಾರೆ. ಆದರೂ ಈ ಸೀಮೆಯ ಜನರು ಅದರೊಡನೆ ಬಾಳುವುದನ್ನು ಕಲಿತಿರುವರು. ಕಾಡಿನ ಪ್ರಾಣಿಗೆ ದಿನಕ್ಕೆ ಒಂಬತ್ತು ಗಂಟೆಗಳನ್ನು ಬಿಟ್ಟವರಿಗೆ, ಕಡಲಿನ ಪ್ರಾಣಿಗೆ ವರ್ಷಕ್ಕೆ ಎರಡು ತಿಂಗಳನ್ನೂ ಬೆರಳುದ್ದದ ಮರಿಯನ್ನೂ ಬಿಡಬೇಕೆಂಬ ನ್ಯಾಯವು ಸುಲಭವಾಗಿ ತಿಳಿಯುವುದು. ಮುಂದಿನ ಆಷಾಢದಲ್ಲಿ ಗೋಪಾಲಸ್ವಾಮಿಯ ಬೆಟ್ಟದ ಮೇಲೆ ಬೀಸುವ ಗಾಳಿಯು ಬಯಲಿಗೆ ಎಷ್ಟು ಮಳೆಯನ್ನು ತರುವುದೋ ಹೇಳಲಾಗದು. ಅದು ಹಾಯ್ದುಬಂದ ಕಡಲಿನಲ್ಲಿ ಅದರ ವರವನ್ನು ಪಡೆಯುವುದಕ್ಕೆ ತಾಯಿಮೀನುಗಳು ಉಳಿದಿರಬೇಕೆಂಬುದು ಮಾತ್ರ ಮನುಷ್ಯನು ನಡೆಸಿಕೊಡಬಹುದಾದ ಕೆಲಸ.